ಸಾಲಿನ ಕೊನೆಯ ಆರು ಮಂದಿ

೧೨ ಜನವರಿ ೧೯೮೪

ಪ್ರೀತಿಯ ಅತ್ತಿಗೆಗೆ ಚಿಣ್ಣಿಯ ನಮಸ್ಕಾರಗಳು.

ಉತ್ತರ ತಡವಾಯಿತೆಂದು ಬೈಯಬೇಡಿ, ಈ ಸಲ ಕಾರಣ ಸೋಮಾರಿತನವಲ್ಲ. ಅಣ್ಣನನ್ನು ಎದುರಿಗೆ ಕೂರಿಸಿಕೊಂಡು ಇದನ್ನು ಗಟ್ಟಿಯಾಗಿ ಓದಿ.

ನಮ್ಮ ತಪಾಸಣಾ ಕಚೇರಿಗೆ ಒಂದು ಬಟ್ಟೆ ಗಿರಣಿಯ ದೂರು ಬಂದಿತ್ತು. "ನಮ್ಮಲ್ಲಿ ಸರಾಸರಿ ತಲೆಗೆ ಹನ್ನೆರಡು ದಿನ ರಜೆ ಕೊಡ್ತೀವಿ" ಎಂದು ಮಾಲೀಕರು ಎದೆ ತಟ್ಟಿಕೊಂಡಿದ್ದರು. ಅವರ ಲೆಕ್ಕ ಸುಳ್ಳೇನಲ್ಲ. ಮಹಡಿಯ ಮೇಲೆ ಕೂರುವವರು ವರ್ಷಕ್ಕೆ ಎರಡೆರಡು ತಿಂಗಳು ರಜೆ ಹಾಕುತ್ತಾರೆ, ಮಗ್ಗದ ಮುಂದೆ ನಿಂತವರಿಗೆ ಮೂರು ದಿನ ಸಿಕ್ಕರೆ ಪುಣ್ಯ. ಎಲ್ಲವನ್ನೂ ಕೂಡಿಸಿ ತಲೆಗೆ ಹಂಚಿದರೆ ಹನ್ನೆರಡು. ನಾನು ಏನು ಮಾಡಿದೆ ಗೊತ್ತೆ? ಎಲ್ಲರನ್ನೂ ಕಾಗದದ ಮೇಲೆ ಸಾಲಾಗಿ ನಿಲ್ಲಿಸಿದೆ. ಕಡಿಮೆ ರಜೆಯವರು ಈ ತುದಿಗೆ, ಹೆಚ್ಚಿನವರು ಆ ತುದಿಗೆ. ಸರಿಯಾಗಿ ನಡುವೆ ನಿಂತವನನ್ನು ಕೇಳಿದೆ, ನಿನಗೆಷ್ಟಪ್ಪಾ ಎಂದು. ಮೂರು. ಇದಕ್ಕೆ ಮಧ್ಯಾಂಕ ಎನ್ನುತ್ತಾರೆ. ಸಾಲಿನ ಕೊನೆಯವನು ವರ್ಷವಿಡೀ ಮಲಗಿದ್ದರೂ ನಡುವಿನವನ ಅಂಕಿ ಕದಲುವುದಿಲ್ಲ. ವರದಿಯಲ್ಲಿ ಅದನ್ನೇ ಬರೆದೆ. ನಮ್ಮ ಮುಖ್ಯಸ್ಥರು ಒಪ್ಪಿದರು. ಈಗ ಗಿರಣಿಯವರು ಎಲ್ಲರಿಗೂ ಸಮಾನ ರಜೆ ಕೊಡಬೇಕೆಂದು ಆದೇಶವಾಗಿದೆ.

ಸರಾಸರಿ ದೊಡ್ಡವರ ಪಕ್ಷ, ಮಧ್ಯಾಂಕ ನಮ್ಮಂಥವರ ಪಕ್ಷ. ಅಣ್ಣನಿಗೆ ಹೀಗೆ ಹೇಳಿ, ಅವನಿಗೆ ಅರ್ಥವಾಗುತ್ತದೆ.

ಇನ್ನೊಂದು ಸುದ್ದಿ. ಈ ವರ್ಷ ಧೂಳಿನ ತಪಾಸಣೆ ನಡೆಯುವ ಕಾರ್ಖಾನೆಗಳಲ್ಲಿ ಅಣ್ಣನ ಪಿಂಗಾಣಿ ಕಾರ್ಖಾನೆಯೂ ಇದೆ. ಅಳೆಯುವವರು ಬೇರೆ, ಅಂಕಿಗಳು ಬರುವುದು ನನ್ನ ಮೇಜಿಗೆ. ಅಣ್ಣ ಬಟ್ಟಲುಗಳ ಅಂಚಿಗೆ ಎಳೆಯುವ ನೀಲಿ ಗೆರೆ ಹೇಗಿದೆ? ನನ್ನ ಬಟ್ಟಲನ್ನು ಕಚೇರಿಯಲ್ಲಿ ಯಾರಿಗೂ ಮುಟ್ಟಲು ಕೊಡುವುದಿಲ್ಲ.

ನಿಮ್ಮ,
ಚಿಣ್ಣಿ


೨ ಫೆಬ್ರವರಿ ೧೯೮೪

ಚಿಣ್ಣಿಗೆ ಅತ್ತಿಗೆಯ ಆಶೀರ್ವಾದ.

ನಿನ್ನ ಕಾಗದವನ್ನು ನಿಮ್ಮಣ್ಣ ಒಂದು ಸಲವಲ್ಲ, ಮೂರು ಸಲ ಓದಿಸಿದರು. ಮರುದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಕೆಲಸಕ್ಕೂ ಒಯ್ದರು. "ನನ್ನ ತಂಗಿ ಒಂದು ಅಂಕಿ ಬದಲಾಯಿಸಿದಳು, ಸಾವಿರ ಜನಕ್ಕೆ ರಜೆ ಬಂತು" ಎಂದು ಊರೆಲ್ಲ ಡಂಗುರ ಸಾರಿಯಾಯಿತು. ಹಾಲು ಹಾಕುವವನೂ ನನ್ನನ್ನು ಕೇಳಿದ, "ಮಧ್ಯಾಂಕ ಅಂದ್ರೆ ಏನಮ್ಮಾ?" ನನಗೆ ತಿಳಿದಷ್ಟು ಹೇಳಿದೆ. "ಹಾಗಾದ್ರೆ ನನ್ನ ಹಾಲಿಗೂ ಅದನ್ನೇ ಹಾಕಿ ನೋಡಿ, ನೀರು ಎಷ್ಟು ಅಂತ ಗೊತ್ತಾಗಲ್ಲ" ಎಂದು ನಗುತ್ತಾ ಹೋದ.

ನಿಮ್ಮಣ್ಣ ಚೆನ್ನಾಗಿದ್ದಾರೆ. ಕೆಲಸ ಸ್ವಲ್ಪ ಹೆಚ್ಚು. ಮನೆಗೆ ಬಂದಾಗ ಹುಬ್ಬು, ಕಿವಿಯ ಹಿಂದೆ, ಅಂಗಿಯ ಮಡಿಕೆ ಎಲ್ಲ ಬೆಳ್ಳಗಿರುತ್ತದೆ. "ವಯಸ್ಸಾಯ್ತು ಕಣೇ, ಒಂದೇ ದಿನದಲ್ಲಿ ನರೆ ಬಂತು" ಎನ್ನುತ್ತಾರೆ. ತಲೆ ತೊಳೆದರೆ ಮತ್ತೆ ಕಪ್ಪು. ಅವರ ಅಂಗಿಗಳನ್ನು ಈಗ ಬೇರೆ ನೆನೆಹಾಕುತ್ತೇನೆ, ಇಲ್ಲದಿದ್ದರೆ ನಾನು ಹೊಲಿಯಲು ತಂದ ಬಟ್ಟೆಗಳಿಗೂ ಅದು ಹತ್ತುತ್ತದೆ.

ನೀಲಿ ಗೆರೆಯ ವಿಷಯ ಕೇಳಿದ್ದೀ. "ಗೆರೆ ನೆಟ್ಟಗಿದೆ ಅಂತ ಬರಿ" ಎಂದರು. ಅವರು ಹೇಳಿದ ಹಾಗೆ ಬರೆದಿದ್ದೇನೆ.

ಬಿಡುವು ಮಾಡಿಕೊಂಡು ಒಮ್ಮೆ ಬಂದುಹೋಗು.

ನಿನ್ನ ಅತ್ತಿಗೆ


೨೦ ಏಪ್ರಿಲ್ ೧೯೮೪

ಪ್ರೀತಿಯ ಅತ್ತಿಗೆ,

ನಿಮ್ಮೂರಿನ ಅಂಕಿಗಳು ಬಂದವು. ಇದು ಕಚೇರಿಯ ವಿಷಯ, ಹೊರಗೆ ಹೇಳಬಾರದು. ಆದರೆ ಅಣ್ಣ ಕೇಳದೆ ಬಿಡುತ್ತಾನೆಯೇ?

ನಲವತ್ತೈದು ಮಂದಿಯ ಅಂಗಿಯ ಕಾಲರಿಗೆ ಸಣ್ಣ ಯಂತ್ರ ಸಿಕ್ಕಿಸಿ, ದಿನವಿಡೀ ಅವರು ಎಷ್ಟು ಧೂಳು ಉಸಿರಾಡಿದರು ಎಂದು ಅಳೆದಿದ್ದಾರೆ. ಕಾಗದದಲ್ಲಿ ಹೆಸರುಗಳಿಲ್ಲ, ಯಾವ ವಿಭಾಗ ಎಂದು ಮಾತ್ರ ಇದೆ. ಸುರಕ್ಷಿತ ಮಿತಿ ನೂರು ಎಂದುಕೊಳ್ಳಿ. ಮೂವತ್ತೊಂಬತ್ತು ಮಂದಿ ಮಿತಿಯ ಅರ್ಧದ ಆಸುಪಾಸಿನಲ್ಲಿದ್ದಾರೆ. ಉಳಿದ ಆರು ಮಂದಿಯ ಅಂಕಿ ಮಾತ್ರ ಐನೂರು, ಏಳುನೂರು, ಒಂಬೈನೂರು. ಅವರು ಕಲ್ಲು ಅರೆಯುವ ಕೋಣೆಯವರು. ಅಣ್ಣ ಹಿಂದೆ ಹೇಳುತ್ತಿದ್ದನಲ್ಲ, ಹಿಟ್ಟಿನ ಕೋಣೆ ಎಂದು, ಅದೇ.

ವರದಿಯ ಮೊದಲ ಪುಟದಲ್ಲಿ ಒಂದೇ ಅಂಕಿಗೆ ಜಾಗ. ಸರಾಸರಿ ತೆಗೆದರೆ ನೂರ ಮೂವತ್ತೆರಡು, ಮಿತಿ ಮೀರುತ್ತದೆ. ಮಧ್ಯಾಂಕ ತೆಗೆದರೆ ನಲವತ್ತಾರು. ಮುಖ್ಯಸ್ಥರು ಕೇಳಿದರು, "ಯಾವುದನ್ನ ಹಾಕ್ತೀರಿ?" ನಾನು ಬಹಳ ಯೋಚಿಸಿದೆ. ಆರು ಮಂದಿಯ ಅಂಕಿ ಉಳಿದ ಮೂವತ್ತೊಂಬತ್ತು ಮಂದಿಯ ಚಿತ್ರವನ್ನೇ ಕೆಡಿಸುತ್ತಿದೆ. ಅಲ್ಲಿನ ಸಾಮಾನ್ಯ ಕೆಲಸಗಾರನ ಸ್ಥಿತಿ ನೂರ ಮೂವತ್ತೆರಡು ಅಲ್ಲವೇ ಅಲ್ಲ, ಅಂಥ ಗಾಳಿ ಅಲ್ಲಿ ಯಾರಿಗೂ ಇಲ್ಲ. ಬಟ್ಟೆ ಗಿರಣಿಯಲ್ಲಿ ಹಿಡಿದ ದಾರಿಯನ್ನು ಇಲ್ಲಿ ಬಿಟ್ಟರೆ ನನಗೆ ಬೇಕಾದಂತೆ ಲೆಕ್ಕ ತಿರುಗಿಸಿದ ಹಾಗಾಗುತ್ತದೆ. "ಮಧ್ಯಾಂಕ" ಎಂದೆ. "ನನಗೂ ಅದೇ ಸರಿ ಅನಿಸುತ್ತೆ" ಎಂದರು. ಹಿಟ್ಟಿನ ಕೋಣೆಯವರನ್ನು ಆಗಾಗ ಬದಲಾಯಿಸುತ್ತಾರಂತೆ, ಮೂಗಿಗೆ ಕಟ್ಟಲು ಬಟ್ಟೆ ಕೊಡುತ್ತಾರಂತೆ. ಹಾಗೆಂದು ಕಾರ್ಖಾನೆಯ ಮ್ಯಾನೇಜರು ಬರೆದುಕೊಟ್ಟಿದ್ದಾರೆ. ಆದರೂ ನಾನು ವಿಭಾಗವಾರು ಪಟ್ಟಿಯನ್ನು ಕೊನೆಯಲ್ಲಿ ಸೇರಿಸುತ್ತೇನೆ.

ಅಣ್ಣ ಬಣ್ಣದ ವಿಭಾಗದಲ್ಲೇ ಇದ್ದಾನಲ್ಲ? ಅಲ್ಲಿಯದು ಮೂವತ್ತೆಂಟು, ಎಲ್ಲಕ್ಕಿಂತ ಕಡಿಮೆ. ನೀವು ನಿಶ್ಚಿಂತೆಯಾಗಿರಿ. ವರದಿ ಕಳಿಸಲು ಇನ್ನೂ ಎರಡು ವಾರವಿದೆ.

ನಿಮ್ಮ,
ಚಿಣ್ಣಿ


೩ ಮೇ ೧೯೮೪

ಚಿಣ್ಣಿಗೆ ಆಶೀರ್ವಾದ.

ಕಾಗದ ತಲುಪಿತು. ನಿಮ್ಮಣ್ಣನಿಗೆ ಓದಿ ಹೇಳಿದೆ. ಇಲ್ಲಿ ಬಿಸಿಲು ಜೋರು. ಹೊಲಿಗೆ ಯಂತ್ರದ ಪಟ್ಟಿ ಹರಿದಿತ್ತು, ಹೊಸದು ಹಾಕಿಸಿದೆ. ಪಕ್ಕದ ಮನೆಯವರು ಮನೆ ಬದಲಾಯಿಸಿದರು.

ಒಂದು ಮಾತು ಕೇಳಬೇಕೆನಿಸಿತು. ನೀನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಡುವಿನವನನ್ನು ಕೇಳುತ್ತೀಯಲ್ಲ, ಸಾಲಿನ ಕೊನೆಯಲ್ಲಿ ನಿಂತವರು "ನಮ್ಮನ್ನೂ ಕೇಳಮ್ಮಾ" ಎಂದರೆ ಅವರಿಗೆ ಏನು ಹೇಳುತ್ತೀ?

ನಾನು ಓದಿದವಳಲ್ಲ, ಸುಮ್ಮನೆ ಕೇಳಿದೆ. ತಪ್ಪು ತಿಳಿಯಬೇಡ.

ನಿನ್ನ ಅತ್ತಿಗೆ


೧೧ ಮೇ ೧೯೮೪

ಪ್ರೀತಿಯ ಅತ್ತಿಗೆ,

ನಿಮ್ಮ ಪ್ರಶ್ನೆ ಓದಿ ನಗು ಬಂತು. ನಮ್ಮ ಮೇಷ್ಟರಿದ್ದಿದ್ದರೆ ನಿಮ್ಮನ್ನು ಮೊದಲ ಬೆಂಚಿನಲ್ಲಿ ಕೂರಿಸುತ್ತಿದ್ದರು. ಸಾಲಿನ ಕೊನೆಯವರಿಗೆ "ನೀವೂ ಸಾಲಿನಲ್ಲಿದ್ದೀರಿ, ನೀವಿಲ್ಲದೆ ನಡು ಯಾವುದೆಂದು ಗೊತ್ತಾಗುತ್ತಿರಲಿಲ್ಲ" ಎಂದು ಹೇಳುತ್ತೇನೆ. ಸಾಕೇ?

ವರದಿ ಹೋಯಿತು. ವಿಭಾಗವಾರು ಪಟ್ಟಿಯನ್ನು "ಉದ್ದವಾಯ್ತು" ಎಂದು ಮುಖ್ಯಸ್ಥರು ತೆಗೆಸಿದರು. ನನಗೆ ಸ್ವಲ್ಪ ಬೇಸರವಾಯಿತು, ಆದರೆ ಜಗಳವಾಡುವಷ್ಟಲ್ಲ. ಮೊದಲ ಪುಟದಲ್ಲಿ ನಲವತ್ತಾರು ಇದೆ. ಕಾರ್ಖಾನೆ ಪಾಸಾಯಿತು.

ನಿಮ್ಮ ಕಾಗದ ಯಾಕೋ ಚುಟುಕಾಗಿತ್ತು. ಹೊಲಿಗೆ ಹೆಚ್ಚಿತ್ತೇನೋ.

ಚಿಣ್ಣಿ


೯ ಸೆಪ್ಟೆಂಬರ್ ೧೯೮೪

ಅತ್ತಿಗೆ,

ನಾಲ್ಕು ತಿಂಗಳಿಂದ ನಿಮ್ಮ ಕೈಬರಹ ನೋಡಿಲ್ಲ. ನಾನು ಬರೆದ ಎರಡು ಕಾಗದಗಳಿಗೂ ಉತ್ತರವಿಲ್ಲ. ಬರುತ್ತೇನೆ ಬರುತ್ತೇನೆ ಎಂದು ಬಾರದೆ ಇದ್ದದ್ದಕ್ಕೆ ಸಿಟ್ಟೇ? ಸಿಟ್ಟಿದ್ದರೆ ಸಿಟ್ಟಿನ ಕಾಗದವನ್ನೇ ಬರೆಯಿರಿ. ಅಣ್ಣನಂತೂ ಪೆನ್ನು ಹಿಡಿಯುವವನಲ್ಲ, ಕುಂಚ ಕೊಟ್ಟರೆ ಸರಿ. ನೀವೂ ಸುಮ್ಮನಾದರೆ ನನಗೆ ತವರು ಎಂದು ಉಳಿಯುವುದೇನು?

ಚಿಣ್ಣಿ


೧೪ ನವೆಂಬರ್ ೧೯೮೪

ಚಿಣ್ಣಿಗೆ ಆಶೀರ್ವಾದ.

ನಿನ್ನ ಮೇಲೆ ಸಿಟ್ಟಿಲ್ಲ. ಬರೆಯಲು ಕೂತರೆ ಏನು ಬರೆಯಬೇಕೆಂದು ತಿಳಿಯುತ್ತಿರಲಿಲ್ಲ, ಅಷ್ಟೇ.

ನಿಮ್ಮಣ್ಣನಿಗೆ ಮಳೆಗಾಲದಿಂದ ಕೆಮ್ಮು. ಒಣಕೆಮ್ಮು. ಮನೆ ಮುಂದಿನ ಏರು ಹತ್ತುವಾಗ ನಡುವೆ ನಿಂತು ಆಕಾಶ ನೋಡುತ್ತಾರೆ. ಯಾರಾದರೂ ನೋಡಿದರೆ ಮೋಡದ ಬಗ್ಗೆ ಮಾತಾಡುತ್ತಾರೆ. ಮೋಡವೇ ಇಲ್ಲದ ದಿನವೂ.

ಹಿಟ್ಟಿನ ಕೋಣೆಗೆ ಧೂಳು ಎಳೆದು ಹೊರಹಾಕುವ ದೊಡ್ಡ ಫ್ಯಾನ್ ಬರುತ್ತದೆ ಎಂದು ವರ್ಷದ ಮೊದಲಲ್ಲಿ ಹೇಳುತ್ತಿದ್ದರು. ಗೋಡೆಗೆ ತೂತು ಕೂಡ ಕೊರೆದಿದ್ದರಂತೆ. ವರದಿ ಬಂದ ಮೇಲೆ ಬೇಡವೆಂದು ಬಿಟ್ಟರು. ತೂತಿಗೆ ಹಲಗೆ ಹೊಡೆದಿದ್ದಾರೆ.

ನೀನು ಮೈ ಕಡೆ ನೋಡಿಕೋ.

ನಿನ್ನ ಅತ್ತಿಗೆ


೧ ಡಿಸೆಂಬರ್ ೧೯೮೪

ಪ್ರೀತಿಯ ಅತ್ತಿಗೆ,

ನಿಮ್ಮ ಕಾಗದ ಕಂಡು ಜೀವ ಬಂತು. ಅಣ್ಣನ ಕೆಮ್ಮಿಗೆ ಕಾರಣ ನನಗೆ ಗೊತ್ತು. ಊಟವಾದ ಮೇಲೆ ಹಿತ್ತಲಿಗೆ ಹೋಗಿ ಸೇದುತ್ತಾನಲ್ಲ, ಅದೇ. ನಾನು ಹೇಳಿದೆನೆಂದು ಹೇಳಿ, ಸಿಗರೇಟು ಬಿಡದಿದ್ದರೆ ನಾನು ಅಲ್ಲಿಗೆ ಕಾಲಿಡುವುದಿಲ್ಲ. ಉಣ್ಣೆಯ ಅಂಗಿ ಮತ್ತು ಕೆಮ್ಮಿನ ಔಷಧಿ ಕಳಿಸಿದ್ದೇನೆ.

ಫ್ಯಾನಿನ ವಿಷಯ ಓದಿ ಬೇಜಾರಾಯಿತು. ಪಟ್ಟಿ ತೆಗೆಯದೆ ಇದ್ದಿದ್ದರೆ ಅದು ಬರುತ್ತಿತ್ತೇನೋ. ಮುಂದಿನ ಸಲ ಹಾಗಾಗಲು ಬಿಡುವುದಿಲ್ಲ. ಏನೇ ಆಗಲಿ, ಅಣ್ಣ ಆ ಕೋಣೆಯಿಂದ ದೂರವಿದ್ದಾನೆ ಎನ್ನುವುದೊಂದೇ ಸಮಾಧಾನ.

ಚಿಣ್ಣಿ


೬ ಆಗಸ್ಟ್ ೧೯೮೫

ಚಿಣ್ಣಿ,

ಈ ಕಾಗದವನ್ನು ಕೂತುಕೊಂಡು ಓದು.

ನಿಮ್ಮಣ್ಣ ಬಣ್ಣದ ವಿಭಾಗದಲ್ಲಿಲ್ಲ. ಎರಡು ವರ್ಷದ ಹಿಂದೆಯೇ ಅಲ್ಲಿ ಕುಂಚದ ಕೆಲಸ ನಿಲ್ಲಿಸಿದರು. ಈಗ ಬಟ್ಟಲುಗಳಿಗೆ ಯಾರೂ ಗೆರೆ ಎಳೆಯುವುದಿಲ್ಲ, ಅಚ್ಚು ಹಾಕಿದ ಪಟ್ಟಿ ಬರುತ್ತದೆ, ಒದ್ದೆ ಮಾಡಿ ಅಂಟಿಸುತ್ತಾರೆ. ಆ ಜಾಗಕ್ಕೆ ಹೆಸರು ಮಾತ್ರ ಇನ್ನೂ ಬಣ್ಣದ ವಿಭಾಗ. ಕುಂಚದವರಲ್ಲಿ ಕೆಲವರನ್ನು ಮನೆಗೆ ಕಳಿಸಿದರು. ಇವರನ್ನು ಹಿಟ್ಟಿನ ಕೋಣೆಗೆ ಹಾಕಿದರು. ಅಂದಿನಿಂದ ಅಲ್ಲೇ. ಯಾರನ್ನೂ ಬದಲಾಯಿಸುವುದಿಲ್ಲ. ಮೂಗಿಗೆ ಕಟ್ಟುವ ಬಟ್ಟೆ ನಾನು ಹೊಲಿದುಕೊಟ್ಟದ್ದು, ಆರು ಜನಕ್ಕೂ.

ನೀನು ಎಣಿಸಿದ ಆರರಲ್ಲಿ ಒಬ್ಬರು ಇವರು.

ಮೊದಲು ಹೇಳಬೇಡವೆಂದದ್ದು ನಾಚಿಕೆಗೆ. "ಚಿಣ್ಣಿ ನನ್ನ ಬಟ್ಟಲನ್ನ ಎಲ್ಲರಿಗೂ ತೋರಿಸ್ತಾಳೆ, ಈಗ ಕಲ್ಲು ಅರೀತೀನಿ ಅಂತ ಹೇಗೆ ಹೇಳಲಿ" ಎಂದರು. ಆಮೇಲೆ ನಿನ್ನ ಏಪ್ರಿಲ್ ತಿಂಗಳ ಕಾಗದ ಬಂತು. ಅವರಿಗೆ ಪೂರ್ತಿ ಓದಿ ಹೇಳಿದೆ. "ಇವತ್ತೇ ಬರೀತೀನಿ, ನೀವು ಅಲ್ಲಿದ್ದೀರಿ ಅಂತ" ಎಂದೆ. ಅವರು ಕೈ ಹಿಡಿದುಕೊಂಡರು.

"ಬೇಡ. ಅಣ್ಣ ಇದ್ದಾನೆ ಅಂತ ಅವಳು ಲೆಕ್ಕ ಬದಲಾಯಿಸಿದ್ರೆ ನಾಳೆ ಅವಳನ್ನ ಯಾರೂ ನಂಬಲ್ಲ."

"ನಿಮ್ಮ ಜೀವದ ಪ್ರಶ್ನೆ ರೀ."

"ನಾನಿದ್ರೂ ಇಲ್ದಿದ್ರೂ ಲೆಕ್ಕ ಒಂದೇ ಬರಬೇಕು. ಅವಳು ಸರಿಯಾಗೇ ಮಾಡ್ತಾಳೆ ಬಿಡು."

ನಾನು ಕೂತು ನಿನಗೆ ಬಿಸಿಲು, ಯಂತ್ರದ ಪಟ್ಟಿ, ಪಕ್ಕದ ಮನೆ ಎಲ್ಲ ಬರೆದೆ. ಆ ಒಂದು ಪ್ರಶ್ನೆಯನ್ನು ಅವರಿಗೆ ತಿಳಿಯದಂತೆ ಸೇರಿಸಿದೆ. ನಿನಗೆ ಹೊಳೆಯುತ್ತದೆ ಎಂದುಕೊಂಡಿದ್ದೆ. ಹೊಳೆಯಲಿಲ್ಲ. ನೀನು ನಕ್ಕೆ. ಆಗಲೂ ಬಾಯಿ ಬಿಟ್ಟು ಬರೆಯಬಹುದಿತ್ತು. ಬರೆಯಲಿಲ್ಲ. ಗಂಡನ ಮಾತು ಉಳಿಸಿದೆ, ಗಂಡನನ್ನು ಉಳಿಸಲಿಲ್ಲ.

ಮೊನ್ನೆ ದೊಡ್ಡಾಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆದರು. ವೈದ್ಯರು ಅದನ್ನು ಬೆಳಕಿಗೆ ಹಿಡಿದರು. ಎರಡೂ ಕಡೆ ಬಿಳಿ ಚುಕ್ಕೆ, ಯಾರೋ ಹಿಟ್ಟು ಎರಚಿದ ಹಾಗೆ. "ಇದು ಸಿಗರೇಟಿಂದ ಬಂದಿದ್ದಲ್ಲ, ಕಲ್ಲಿನ ಧೂಳು. ಒಳಗೆ ಹೋದದ್ದು ಹೊರಗೆ ಬರಲ್ಲ" ಎಂದರು. ಇವರು, "ಡಾಕ್ಟ್ರೇ, ಗೋಡೆಗೆ ಸುಣ್ಣ ಚೆನ್ನಾಗಿ ಹಿಡಿದಿದೆ ಅನ್ನಿ" ಎಂದರು. ವೈದ್ಯರು ನಗಲಿಲ್ಲ. ನನ್ನನ್ನು ಹೊರಗೆ ಕರೆದು, ಇನ್ನು ಆ ಕೆಲಸಕ್ಕೆ ಕಳಿಸಬೇಡಿ ಎಂದರು. ಕಳಿಸದಿದ್ದರೆ ವಾಸಿಯಾಗುತ್ತದೆಯೇ ಎಂದು ಕೇಳಿದೆ. ಅವರು ನನ್ನ ಭುಜ ಮುಟ್ಟಿ ಒಳಗೆ ಹೋದರು.

ಸಿಗರೇಟನ್ನು ನೀನು ಬಿಡು ಎಂದ ದಿನವೇ ಬಿಟ್ಟಿದ್ದರು.

ನಿನ್ನ ಅತ್ತಿಗೆ


೧೭ ಆಗಸ್ಟ್ ೧೯೮೫

ಅತ್ತಿಗೆ,

ಬುಧವಾರ ಬರುತ್ತೇನೆ. ಅದಕ್ಕೆ ಮೊದಲು ಇದನ್ನು ಬರೆಯದಿದ್ದರೆ ನಿಮ್ಮ ಮುಖ ನೋಡಲಾರೆ.

ಹಳೆಯ ಅಂಕಿಗಳನ್ನು ಮತ್ತೆ ತೆಗೆದು ನೋಡಿದೆ. ಹಿಟ್ಟಿನ ಕೋಣೆಯ ಆರು ಅಂಕಿಗಳು ಒಂದರ ಕೆಳಗೆ ಒಂದು. ಇವುಗಳಲ್ಲಿ ಅಣ್ಣನದು ಯಾವುದೆಂದು ಹುಡುಕುತ್ತಾ ಕೂತೆ. ಐನೂರರವನೇ, ಒಂಬೈನೂರರವನೇ? ಆಮೇಲೆ ನನಗೇ ಅಸಹ್ಯವಾಯಿತು. ಉಳಿದ ಐದು ಅಂಕಿಗಳೂ ಯಾರದೋ ಅಣ್ಣಂದಿರದೇ.

ಮಧ್ಯಾಂಕ ಒಬ್ಬೊಬ್ಬನನ್ನೂ ಒಂದೇ ಒಂದು ಪ್ರಶ್ನೆ ಕೇಳುತ್ತದೆ, ನೀನು ನಡುವಿನ ಈ ಕಡೆಯೋ ಆ ಕಡೆಯೋ ಎಂದು. ಎಷ್ಟು ಆ ಕಡೆ ಎಂದು ಕೇಳುವುದಿಲ್ಲ. ಅಣ್ಣ ನೂರೊಂದು ಉಸಿರಾಡಿದರೂ ಒಂಬೈನೂರು ಉಸಿರಾಡಿದರೂ ಅದಕ್ಕೆ ಒಂದೇ. ಸರಾಸರಿಯಲ್ಲಿ ಅವನು ನುಂಗಿದ ಒಂದೊಂದು ಚಿಟಿಕೆಯೂ ಸೇರುತ್ತಿತ್ತು. ನಾನು ದೂಷಿಸಿದ ಸರಾಸರಿ ಅಂದು ಕೂಗಿ ಹೇಳುತ್ತಿತ್ತು, ಇಲ್ಲಿ ಏನೋ ಆಗಬಾರದ್ದು ಆಗುತ್ತಿದೆ ಎಂದು. ಆ ಕೂಗನ್ನು ನಾನು ಚಿತ್ರ ಕೆಡಿಸುವ ಗದ್ದಲ ಎಂದೆ. ರಜೆಯ ಲೆಕ್ಕದಲ್ಲಿ ಸಾಮಾನ್ಯನು ಯಾರು ಎಂದು ಕೇಳಬೇಕಿತ್ತು. ಧೂಳಿನ ಲೆಕ್ಕದಲ್ಲಿ ಸಾಯುವವರು ಯಾರು ಎಂದು ಕೇಳಬೇಕಿತ್ತು. ನಾನು ಎರಡೂ ಕಡೆ ಒಂದೇ ಪ್ರಶ್ನೆ ಕೇಳಿ ನ್ಯಾಯವಂತಳೆಂದು ಬೀಗಿದೆ.

ನೀವು ಹೇಳದೆ ಇದ್ದದ್ದನ್ನು ನಿಮ್ಮ ತಲೆಗೆ ಕಟ್ಟಿಕೊಳ್ಳಬೇಡಿ. ಅಣ್ಣ ಅಲ್ಲಿಲ್ಲವೆಂದು ನಂಬಿದ್ದರಿಂದಲೇ ಆ ಆರು ಮಂದಿ ನನಗೆ ಬರೀ ಅಂಕಿಗಳಾಗಿ ಕಂಡರು. ಅದು ನಿಮ್ಮ ತಪ್ಪಲ್ಲ.

ಚಿಣ್ಣಿ


೨೮ ನವೆಂಬರ್ ೧೯೮೫

ಅತ್ತಿಗೆ,

ನಾನು ಅಲ್ಲಿಗೆ ಬಂದುಹೋಗಿ ಮೂರು ತಿಂಗಳಾಯಿತು. ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದ ಅಣ್ಣನ ಚಿತ್ರ ಕಣ್ಣಿಂದ ಹೋಗುತ್ತಿಲ್ಲ. ಅವನು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಇಲ್ಲಿ ನಡೆದದ್ದನ್ನು ಹೇಳುತ್ತೇನೆ. ವರದಿ ತಪ್ಪು, ಹಿಂದಕ್ಕೆ ತೆಗೆದುಕೊಳ್ಳಿ ಎಂದು ಬರೆದುಕೊಟ್ಟೆ. ಮುಖ್ಯಸ್ಥರು ಕರೆದರು.

"ಯಾವ ಅಂಕಿ ತಪ್ಪು?"

"ಅಂಕಿ ತಪ್ಪಲ್ಲ ಸರ್. ಆರಿಸಿದ್ದು ತಪ್ಪು."

"ಅದನ್ನ ಆರಿಸಿದ್ದು ನೀವೇ. ಕಾರಣ ಕೂಡ ನೀವೇ ಚೆನ್ನಾಗಿ ಬರೆದಿದ್ರಿ. ನಿಮ್ಮ ಅಣ್ಣ ಅಲ್ಲಿ ಇಲ್ದೇ ಇದ್ದಿದ್ರೆ ಇವತ್ತು ಈ ಕಾಗದ ತರ್ತಿದ್ರಾ?"

ನಿಜ ಅತ್ತಿಗೆ, ತರುತ್ತಿರಲಿಲ್ಲ. ಅಣ್ಣ ಹೆದರಿದ್ದು ಇದೇ ಮಾತಿಗೆ. ನಾನು ತಲೆ ತಗ್ಗಿಸಿ ನಿಂತೆ, ಆದರೆ ಹೊರಗೆ ಹೋಗಲಿಲ್ಲ. ಮರುದಿನವೂ ಹೋಗಿ ನಿಂತೆ. ಮೇಲಿನವರಿಗೂ ಬರೆದೆ. ಕೊನೆಗೆ ಹಳೆಯ ವರದಿ ಹಾಗೇ ಇರಲಿ, ಹೊಸದಾಗಿ ಅಳೆಯೋಣ, ಈ ಸಲ ಸರಾಸರಿಯನ್ನೇ ಮೊದಲ ಪುಟಕ್ಕೆ ಹಾಕೋಣ ಎಂದು ಒಪ್ಪಿದ್ದಾರೆ. ಫೆಬ್ರವರಿಯಲ್ಲಿ ಬರುತ್ತಾರೆ. ನಾನು ಬರುವಂತಿಲ್ಲ, ಸಂಬಂಧಿಕರಿದ್ದಾರೆಂಬ ಕಾರಣಕ್ಕೆ.

ಅಣ್ಣನಿಗೆ ಹೇಳಿ. ಅವನಿಗಾಗಿ ಆಗದಿದ್ದರೂ ಉಳಿದ ಐದು ಮಂದಿಗೆ ಫ್ಯಾನ್ ಬರುತ್ತದೆ.

ಚಿಣ್ಣಿ


೨೦ ಫೆಬ್ರವರಿ ೧೯೮೬

ಚಿಣ್ಣಿ,

ಅಳೆಯುವವರು ಬಂದುಹೋದರು. ನಡೆದದ್ದನ್ನು ಮೀಸೆಯವರು ಬಂದು ಹೇಳಿದರು. ನಿಮ್ಮಣ್ಣನ ಪಕ್ಕದ ಯಂತ್ರದವರು, ನೀನು ಬಂದಾಗ ಬಾಗಿಲ ಹತ್ತಿರ ಕೂತಿದ್ದರಲ್ಲ, ಅವರೇ. ಅವರಿಗೂ ಈಗ ಕೆಮ್ಮು. ನಿಮ್ಮಣ್ಣನಿಗೆ ಕೇಳಿಸದಿರಲೆಂದು ನನ್ನನ್ನು ಹಿತ್ತಲಿಗೆ ಕರೆದರು.

"ಅಕ್ಕಾ, ಹಿಂದಿನ ದಿನವೇ ಯಂತ್ರ ನಿಲ್ಲಿಸಿದ್ರು. ರಿಪೇರಿ ಅಂದ್ರು. ಕೋಣೆಗೆಲ್ಲ ನೀರು ಹೊಡೆದು ತೊಳೆಸಿದ್ರು. ನಮ್ಮನ್ನ ಬಟ್ಟಲು ಕಟ್ಟೋ ಕಡೆ ಕೂರಿಸಿದ್ರು."

"ಅಳೆಯೋರಿಗೆ ನೀವು ಹೇಳಲಿಲ್ವಾ?"

"ಹೇಳಿದ್ವಿ. ಇವತ್ತು ಕಂಡಿದ್ದನ್ನ ಅಳೀಬೇಕು, ನಿನ್ನೆದು ಅಳೆಯೋಕಾಗಲ್ಲ ಅಂದ್ರು. ಕಾಲರಿಗೆ ಅದನ್ನ ಸಿಕ್ಕಿಸಿಕೊಂಡು ದಿನವೆಲ್ಲ ಬಟ್ಟಲುಗಳಿಗೆ ಹುಲ್ಲು ಸುತ್ತಿದ್ವಿ."

ಮರುದಿನ ಬೆಳಿಗ್ಗೆ ಯಂತ್ರ ಶುರುವಾಯಿತಂತೆ. ನಿನಗೆ ಬರೆಯಬೇಕಾದದ್ದು ಇಷ್ಟು. ಏನಾದರೂ ಮಾಡಲಾಗುತ್ತದೆಯೇ ನೋಡು.

ನಿಮ್ಮಣ್ಣನಿಗೆ ಈಗ ಒಂದು ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸಲಾಗುವುದಿಲ್ಲ. ನಗೆಚಾಟಿಕೆಯನ್ನೂ ಎರಡು ತುಂಡು ಮಾಡಿ ಹೇಳುತ್ತಾರೆ. ಎರಡನೆಯ ತುಂಡು ಬರುವ ತನಕ ನಾನು ಕಾಯುತ್ತೇನೆ.

ನಿನ್ನ ಅತ್ತಿಗೆ


೧೪ ಮಾರ್ಚ್ ೧೯೮೬

ಅತ್ತಿಗೆ,

ಸರಾಸರಿ ನಲವತ್ತನಾಲ್ಕು. ಮಧ್ಯಾಂಕವೂ ನಲವತ್ತನಾಲ್ಕು.

ಯಾವುದನ್ನು ಹಾಕಬೇಕೆಂಬ ಜಗಳವೇ ಉಳಿಯಲಿಲ್ಲ. ನಿಮ್ಮ ಕಾಗದವನ್ನು ಮುಖ್ಯಸ್ಥರ ಮುಂದಿಟ್ಟೆ. ಓದಿದರು. ಕನ್ನಡಕ ತೆಗೆದರು. ಅವರು ಕೆಟ್ಟವರಲ್ಲ ಅತ್ತಿಗೆ, ಅದೇ ನನಗೆ ತಡೆಯಲಾಗದ್ದು. "ಇದು ನಿಜವೇ ಇರಬಹುದು. ಆದರೆ ರೋಗಿಯ ಮನೆಯವರ ಮಾತಿನ ಮೇಲೆ ಮೂರನೇ ಸಲ ಅಳೆಸೋಕೆ ಯಾರೂ ಸಹಿ ಹಾಕಲ್ಲ. ನೀವು ಕೇಳಿದ್ದು ಸರಾಸರಿ, ಸಿಕ್ಕಿದೆ" ಎಂದರು. ಇನ್ನು ಮೂರು ವರ್ಷ ಆ ಕಾರ್ಖಾನೆಗೆ ತಪಾಸಣೆಯಿಲ್ಲ.

ಸರಿಯಾದ ಅಳತೆಗೆ ತಪ್ಪು ಅಂಕಿ ಆರಿಸಿದ್ದೆ. ಈಗ ಸರಿಯಾದ ಅಂಕಿ ಆರಿಸಿದರೆ ಅಳತೆಯೇ ಸುಳ್ಳು. ನನಗೆ ಗೊತ್ತಿದ್ದ ವಿದ್ಯೆ ಇಷ್ಟೇ. ಇದಕ್ಕಿಂತ ಆಚೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿಲ್ಲ.

ಅಣ್ಣ ಫಲಿತಾಂಶ ಕೇಳಿದರೆ ಏನು ಹೇಳುತ್ತೀರಿ? ನನಗೆ ತೋಚುತ್ತಿಲ್ಲ. ನಿಮಗೇ ಬಿಟ್ಟಿದ್ದೇನೆ. ಇದನ್ನೂ ನಿಮ್ಮ ಮೇಲೆ ಹಾಕುತ್ತಿದ್ದೇನೆ.

ಚಿಣ್ಣಿ


೨೨ ಏಪ್ರಿಲ್ ೧೯೮೬

ಚಿಣ್ಣಿಗೆ ಆಶೀರ್ವಾದ.

ನೀನು ಮಣ್ಣಿಗೆ ಬಂದು, ಮರುದಿನದ ರೈಲಿಗೆ ಹೊರಟುಹೋದೆ. ಜನರ ನಡುವೆ ನಾವಿಬ್ಬರೂ ಮಾತಾಡಲಾಗಲಿಲ್ಲ. ನಿನಗೆ ತಿಳಿಯದೆ ಹೋದದ್ದು ಒಂದಿದೆ.

ನಿನ್ನ ಮಾರ್ಚ್ ಕಾಗದ ಬಂದ ದಿನ ನಿಮ್ಮಣ್ಣ ಎಚ್ಚರವಾಗಿದ್ದರು. ಲಕೋಟೆ ನೋಡಿ ಗುರುತು ಹಿಡಿದರು. "ಏನಂತೆ?" ಎಂದರು. ನಾನು ಮನಸ್ಸಿನಲ್ಲೇ ಓದಿಕೊಂಡೆ. ಕಾಗದ ಮಡಿಸುತ್ತಾ ಯೋಚಿಸಲು ಒಂದು ಗಳಿಗೆ ಸಿಕ್ಕಿತು.

"ಫ್ಯಾನ್ ಬರುತ್ತಂತೆ" ಎಂದೆ.

ಅವರು ಕಣ್ಣು ಮುಚ್ಚಿಕೊಂಡರು. "ಹೇಳಿರಲಿಲ್ವಾ, ಅವಳು ಸರಿಯಾಗೇ ಮಾಡ್ತಾಳೆ ಅಂತ" ಎಂದರು. ಆ ದಿನ ಊಟ ಸ್ವಲ್ಪ ಸೇರಿತು. ನಾನು ಸುಳ್ಳು ಹೇಳಿದ್ದಕ್ಕೆ ಪಶ್ಚಾತ್ತಾಪ ಪಡಲಿಲ್ಲ. ಹೋಗುವ ಜೀವ, ಒಂದು ಸಮಾಧಾನ ಇಟ್ಟುಕೊಂಡು ಹೋಗಲಿ ಎಂದುಕೊಂಡೆ. ಸುಳ್ಳು ಮನೆಯೊಳಗೇ ಇರುತ್ತದೆ ಎಂದುಕೊಂಡೆ.

ಮರುದಿನ ಅವರನ್ನು ನೋಡಲು ಹಿಟ್ಟಿನ ಕೋಣೆಯವರು ಐದೂ ಜನ ಬಂದರು. ನಾನು ಒಳಗೆ ನೀರು ಕಾಯಿಸುತ್ತಿದ್ದೆ. ಬರುವಷ್ಟರಲ್ಲಿ ನಿಮ್ಮಣ್ಣ ಒಬ್ಬೊಬ್ಬರ ಕೈ ಹಿಡಿದು, ಉಸಿರು ಕೂಡಿಸಿಕೊಂಡು ಹೇಳುತ್ತಿದ್ದರು. "ನನ್ನ ತಂಗಿ ಮಾಡಿಸಿದಾಳೆ. ಫ್ಯಾನ್ ಬರುತ್ತೆ. ಯಾರೂ ಕೆಲಸ ಬಿಡಬೇಡಿ." ಐವರೂ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಮಲಗಿದ್ದವರು ನೋಡುತ್ತಿದ್ದರು, ಬೇರೇನು ಮಾಡಲಿ?

ಅದಾದ ಮೇಲೆ ನಿಮ್ಮಣ್ಣ ಹೆಚ್ಚು ದಿನ ಇರಲಿಲ್ಲ. ನಿನಗೆ ಗೊತ್ತೇ ಇದೆ.

ನಿನ್ನೆ ಮೀಸೆಯವರ ಹೆಂಡತಿ ಬ್ಲೌಸು ಹೊಲಿಯಲು ಕೊಡುವ ನೆಪದಲ್ಲಿ ಬಂದಿದ್ದಳು. ಅವಳ ಗಂಡನಿಗೆ ಮರದ ಅಡ್ಡೆಯಲ್ಲಿ ಕಾವಲಿನ ಕೆಲಸ ಸಿಕ್ಕಿತ್ತಂತೆ. ಹೊರಗಿನ ಗಾಳಿ, ಕೂತು ಮಾಡುವ ಕೆಲಸ. ಹೋಗಲು ಸಿದ್ಧವಾಗಿದ್ದವರು ಫ್ಯಾನಿನ ಸುದ್ದಿ ಕೇಳಿ ಬೇಡವೆಂದರಂತೆ. "ಸಾಯೋ ಮನುಷ್ಯ ಕೈ ಹಿಡಿದು ಹೇಳಿದಾನೆ, ಸುಳ್ಳು ಹೇಳ್ತಾನಾ" ಎಂದರಂತೆ. ಆ ಕೆಲಸ ಈಗ ಬೇರೆಯವರ ಪಾಲಾಗಿದೆ.

ಅವಳು ಅಳತೆ ಕೊಡುತ್ತಾ ಕೈ ಎತ್ತಿ ನಿಂತಿದ್ದಳು. "ಫ್ಯಾನ್ ಯಾವಾಗ ಬರುತ್ತಂತೆ ಅಕ್ಕಾ? ಇವರ ಕೆಮ್ಮು ಹೆಚ್ಚಾಗಿದೆ" ಎಂದಳು. ಟೇಪು ನನ್ನ ಕೈಯಲ್ಲಿತ್ತು. ನಿಮ್ಮಣ್ಣ ಹೇಳಿದ ಕೊನೆಯ ಮಾತು ಸುಳ್ಳು ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. "ಬರುತ್ತೆ" ಎಂದೆ.

ನೀನು ಬಾ. ರಜೆ ಹಾಕಿ ಬಾ, ಕೆಲಸ ಬಿಟ್ಟಾದರೂ ಬಾ. ಐದೂ ಮನೆಗೆ ಹೋಗಿ ನೀನೇ ಹೇಳಬೇಕು. ಬೈಯುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ನಿನ್ನ ಪಕ್ಕದಲ್ಲೇ ನಿಂತಿರುತ್ತೇನೆ. ಆದರೆ ಮಾತು ನಿನ್ನದೇ ಆಗಬೇಕು, ನನ್ನಿಂದ ಆಗದು.

ಬ್ಲೌಸು ಶನಿವಾರಕ್ಕೆ ಕೊಡುತ್ತೇನೆ ಎಂದಿದ್ದೇನೆ. ಅವಳು ಬರುತ್ತಾಳೆ, ಮತ್ತೆ ಕೇಳುತ್ತಾಳೆ.

ನಿನ್ನ ಅತ್ತಿಗೆ